ಗೇಟಕ್ಕನ ನಾಲ್ಕನೆಯ ಬಸಿರು

ಫೋನು ಎರಡನೆಯ ಸಲ ಬಡಿದುಕೊಳ್ಳುವಷ್ಟರಲ್ಲಿ ಗೇಟಕ್ಕ ಅದನ್ನು ಎತ್ತಿಯಾಗಿರುತ್ತದೆ. "ಹೇಳಿ ಸಾರ್." ಆ ಕಡೆ ಸ್ಟೇಷನ್ ಮಾಸ್ಟರು. ಬೆಳಗಿನ ಮೊದಲ ಪ್ಯಾಸೆಂಜರ್ ಗಾಡಿ ಹಿಂದಿನ ನಿಲ್ದಾಣ ಬಿಡಲು ಸಿದ್ಧವಾಗಿದೆ. ಗೇಟಕ್ಕ ಸ್ವೆಟರಿನ ತೋಳು ಮೇಲೇರಿಸಿ ಹೊರಗೆ ಬರುತ್ತಾರೆ, ರಸ್ತೆಯ ಎರಡೂ ತುದಿ ನೋಡುತ್ತಾರೆ, ಸೀಟಿ ಊದುತ್ತಾರೆ. ಮೂಡಣದಲ್ಲಿ ಬೂದಿ ಬಣ್ಣ ಈಗಷ್ಟೇ ತಿಳಿಯಾಗುತ್ತಿದೆ. ಹಾಲಿನ ವ್ಯಾನೊಂದು ಓಡಿ ದಾಟಿಬಿಡೋಣ ಎಂದು ಬಂದದ್ದು ಸೀಟಿ ಕೇಳಿ ಮನಸ್ಸು ಬದಲಾಯಿಸುತ್ತದೆ. ಅವರು ಹ್ಯಾಂಡಲ್ ಹಿಡಿದು ತಿರುಗಿಸತೊಡಗುತ್ತಾರೆ. ಕೆಂಪು ಬಿಳಿ ಪಟ್ಟೆಯ ಉದ್ದನೆಯ ತೊಲೆ ಆಕಳಿಸುತ್ತಾ ಕೆಳಗಿಳಿಯುತ್ತದೆ.

ಅಷ್ಟರಲ್ಲಿ ಬೈಕಿನ ಹುಡುಗನೊಬ್ಬ ತಲೆ ತಗ್ಗಿಸಿ ತೊಲೆಯ ಅಡಿಯಲ್ಲಿ ನುಸುಳಲು ನೋಡುತ್ತಾನೆ.

"ತಮ್ಮಾ, ತಲೆ ಒಂದೇ ಇರೋದು. ಸ್ಪೇರ್ ತಂದಿದ್ದೀಯಾ?"

ಹುಡುಗ ಹಲ್ಲು ಕಿರಿದು ಬೈಕನ್ನು ಹಿಂದಕ್ಕೆ ತಳ್ಳಿಕೊಳ್ಳುತ್ತಾನೆ. ಗೇಟು ಬಿದ್ದು ಬೀಗ ಕೂತಿತೆಂದು ಗೇಟಕ್ಕ ಫೋನಿನಲ್ಲಿ ತಿಳಿಸಿದ ಮೇಲೆಯೇ ದೂರದಲ್ಲಿ ಸಿಗ್ನಲ್ಲು ಹಸಿರಾಗುತ್ತದೆ. ಹಸಿರು ಬಾವುಟ ಹಿಡಿದು ಅವರು ಹಳಿಯ ಪಕ್ಕ ನಿಲ್ಲುತ್ತಾರೆ. ಗಾಡಿ ಬಂದು, ನೆಲ ನಡುಗಿಸಿ, ಹೋಗುತ್ತದೆ. ಕೋಣೆಯ ಕಿಟಕಿಯ ಗಾಜು ಸ್ವಲ್ಪ ಹೊತ್ತು ಗಡಗಡ ಅನ್ನುತ್ತಲೇ ಇರುತ್ತದೆ.

ಆ ನಡುಕದ ಬಗ್ಗೆ ಈ ರಸ್ತೆಯ ಜನ ಒಂದು ಕಾಲದಲ್ಲಿ ಬಹಳ ಮಾತಾಡಿದ್ದರು.

ಅವರ ಹೆಸರು ಗೇಟಿನ ಎರಡೂ ಕಡೆಯವರಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೂ ಯಾರೂ ಹೋಗಿಲ್ಲ. ತರಕಾರಿ ವ್ಯಾನಿನವನಿಂದ ಹಿಡಿದು ಕಾರಿನಲ್ಲಿ ಹೋಗುವ ವಕೀಲರವರೆಗೆ ಎಲ್ಲರಿಗೂ ಅವರು ಗೇಟಕ್ಕ. ಮೂವತ್ತೈದರ ಆಸುಪಾಸು. ಬಿಗಿಯಾಗಿ ಹೆಣೆದ ಜಡೆ, ಇಲಾಖೆ ಕೊಟ್ಟ ಹೊಳೆಯುವ ಕಿತ್ತಳೆ ಕೋಟು, ಮಾತಾಡುವಾಗ ಹುಬ್ಬು ಮೊದಲು ನಗುತ್ತದೆ, ಬಾಯಿ ಆಮೇಲೆ. ಪರೀಕ್ಷೆ ಬರೆದು ಈ ಕೆಲಸಕ್ಕೆ ಬಂದು ಒಂಬತ್ತು ವರ್ಷವಾಯಿತು. ಒಂದು ಪಾಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಾಡಿ. ಅಷ್ಟೇ ಸಲ ಗೇಟು ಇಳಿಸಬೇಕು, ಏರಿಸಬೇಕು. ಅಷ್ಟೇ ಸಲ ಬೈಗುಳವನ್ನೂ ತಿನ್ನಬೇಕು.

"ರೈಲು ತಡ ಮಾಡಿದ್ರೂ ನನಗೇ ಬೈತಾರೆ, ಬೇಗ ಬಂದ್ರೂ ನನಗೇ ಬೈತಾರೆ," ಎನ್ನುತ್ತಾರೆ ಗೇಟಕ್ಕ. "ಮೊದಮೊದಲು ಅಳು ಬರ್ತಿತ್ತು. ಈಗ ಯಾರಾದ್ರೂ ಬೈಯದೆ ಹೋದ್ರೆ ಮೈ ಹುಷಾರಿಲ್ವೇನೋ ಅಂತ ಯೋಚನೆ ಆಗತ್ತೆ."

ಕೋಣೆ ಎಂದರೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಒಂದು ಮೇಜು, ಹಿಡಿಕೆ ಸವೆದ ಕುರ್ಚಿ, ಮೊಳೆಗೆ ನೇತುಹಾಕಿದ ಕೆಂಪು ಹಸಿರು ಬಾವುಟಗಳು, ಒಂದು ಲಾಂದ್ರ, ಗೋಡೆ ಗಡಿಯಾರ. ಮೇಜಿನ ಮೇಲಿನ ಗಾಜಿನ ಅಡಿಯಲ್ಲಿ ಒಂದು ಫೋಟೊ. ಎರಡೂ ಕೈಯ ಮುಷ್ಟಿ ಬಿಗಿದುಕೊಂಡು ಯಾರ ಮೇಲೋ ಸಿಟ್ಟಾದಂತೆ ನೋಡುತ್ತಿರುವ ಹಸುಗೂಸು. ಈಗ ಅದಕ್ಕೆ ಹತ್ತು ತಿಂಗಳು. ಈ ಕೂಸು ಮನೆಗೆ ಬರುವ ಮೊದಲು ಗೇಟಕ್ಕ ಮೂರು ಸಲ ಬಸಿರಾಗಿದ್ದರು, ಮೂರು ಸಲವೂ ಬರಿಗೈಯಲ್ಲಿ ಆಸ್ಪತ್ರೆಯಿಂದ ಹಿಂತಿರುಗಿದ್ದರು.

ಮೊದಲನೆಯದು ಮೂರನೆಯ ತಿಂಗಳಿಗೇ ಹೋಯಿತು. ಹೀಗೆ ಆಗುತ್ತಿರುತ್ತದೆ, ಮತ್ತೆ ನಿಲ್ಲುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಎರಡನೆಯದು ಐದು ತಿಂಗಳವರೆಗೆ ನಿಂತಿತ್ತು. ಹೊಟ್ಟೆ ಕಾಣುತ್ತಿತ್ತು, ಒದೆತವೂ ಶುರುವಾಗಿತ್ತು. ಗೇಟು ದಾಟುವವರೆಲ್ಲ ಗಾಡಿ ನಿಧಾನ ಮಾಡಿ ಕ್ಷೇಮ ವಿಚಾರಿಸುತ್ತಿದ್ದರು. ಅದೂ ಹೋದ ಮೇಲೆ, ರಜೆ ಮುಗಿಸಿ ಅವರು ಕೆಲಸಕ್ಕೆ ಬಂದ ದಿನ, ಅದೇ ಜನ ಕಿಟಕಿಯ ಗಾಜು ಏರಿಸಿಕೊಂಡು ಹೋದರು.

"ಕೆಟ್ಟ ಬುದ್ಧಿಯಿಂದಲ್ಲ," ಎನ್ನುತ್ತಾರೆ ಗೇಟಕ್ಕ. "ಏನು ಹೇಳಬೇಕು ಅಂತ ಗೊತ್ತಾಗ್ತಿರಲಿಲ್ಲ ಅವರಿಗೆ. ಆದ್ರೆ ಗಾಡಿ ಹಿಂದೆ ಕೂತ ಹೆಂಗಸರು ನನ್ನ ನೋಡಿ ಗುಸುಗುಸು ಅನ್ನೋದು ಕಾಣ್ತಿತ್ತು. ಕಿವಿಗೂ ಬೀಳ್ತಿತ್ತು."

ಆ ಗುಸುಗುಸು ಇಷ್ಟೇ: ದಿನವಿಡೀ ರೈಲಿನ ಅದುರು ಮೈಗೆ ಬಡಿದರೆ ಬಸಿರು ಹೇಗೆ ನಿಂತೀತು? ಅದರ ಜೊತೆಗೆ ಆ ಹ್ಯಾಂಡಲ್ ಬೇರೆ. ಗಂಡಸರು ಮಾಡುವ ಕೆಲಸ. ಮನೆಯಲ್ಲಿ ಅತ್ತೆಯೂ ಅದನ್ನೇ ನಂಬಿದ್ದರು. ಬೈಯುವ ಸ್ವಭಾವದವರಲ್ಲ; ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದೊಡ್ಡ ಪಾತ್ರೆಗಳ ಮುಂದೆ ನಿಂತು ದುಡಿದವರು. "ಕೆಲಸ ಬಿಡು ಅಂತ ನಾನು ಹೇಳಲ್ಲ ಕಣಮ್ಮ," ಎಂದಿದ್ದರು. "ಆ ಜಾಗ ಬಿಡು. ಆ ಗೇಟು ನಮಗೆ ಆಗಿಬರಲ್ಲ."

ಗೇಟಕ್ಕ ಅರ್ಜಿ ಕೊಟ್ಟು ನಿಲ್ದಾಣದ ಪಾರ್ಸೆಲ್ ಕೌಂಟರಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಫ್ಯಾನಿನ ಕೆಳಗೆ ಕೂತು ಚೀಟಿ ಹರಿದುಕೊಡುವ ಕೆಲಸ. ಅದುರಿಲ್ಲ, ಹ್ಯಾಂಡಲ್ ಇಲ್ಲ, ಬೈಗುಳವೂ ಇಲ್ಲ. ಮೂರನೆಯ ಬಸಿರು ಅಲ್ಲೇ ನಿಂತಿತು. ಅಲ್ಲೇ ಹೋಯಿತು.

ಆ ಸಲ ಅವರ ಗಂಡ ಹಟ ಹಿಡಿದರು. ಅವರು ಟೈಲ್ಸ್ ಕೂರಿಸುವ ಕೆಲಸದವರು. ಮಾತು ಕಡಿಮೆ, ಮಂಡಿಯೂರಿ ಕೂತು ಗೆರೆ ನೇರವಾಗುವವರೆಗೂ ಏಳದ ಮನುಷ್ಯ. ಒಂದು ದೊಡ್ಡ ಆಸ್ಪತ್ರೆಯ ನೆಲಕ್ಕೆ ಟೈಲ್ಸ್ ಹಾಕುವಾಗ ಅಲ್ಲಿನ ನರ್ಸೊಬ್ಬರನ್ನು ತಡೆದು, ಹೀಗೆ ಮೂರು ಸಲ ಆಗಿದೆ, ಯಾರಿಗೆ ತೋರಿಸಬೇಕು ಎಂದು ಕೇಳಿದ್ದರು. ನರ್ಸ್ ಒಬ್ಬ ಡಾಕ್ಟರಮ್ಮನ ಕೋಣೆ ತೋರಿಸಿದರು.

ಡಾಕ್ಟರಮ್ಮ ಹಳೆಯ ಚೀಟಿಗಳನ್ನೆಲ್ಲ ಓದಿ ಮೊದಲು ಕೇಳಿದ್ದು, "ರಕ್ತ ಹೆಪ್ಪುಗಟ್ಟೋ ಪರೀಕ್ಷೆ ಯಾರೂ ಮಾಡಿಸಿಲ್ವಾ?" ಮಾಡಿಸಿರಲಿಲ್ಲ. ಒಂದು ಸಲ ರಕ್ತ ತೆಗೆದರು. ಮೂರು ತಿಂಗಳು ಬಿಟ್ಟು ಮತ್ತೊಂದು ಸಲ ತೆಗೆದರು, ಏಕೆಂದರೆ ಒಂದೇ ಸಲ ಕಂಡರೆ ಅದನ್ನು ನಂಬುವಂತಿಲ್ಲವಂತೆ. ಎರಡೂ ಸಲ ಉತ್ತರ ಒಂದೇ ಬಂತು. ಗೇಟಕ್ಕನ ರಕ್ತಕ್ಕೆ ಬೇಡದ ಕಡೆ ಹೆಪ್ಪುಗಟ್ಟುವ ಸ್ವಭಾವವಿತ್ತು. ಗರ್ಭದೊಳಗೆ ಮಗುವನ್ನು ಪೋಷಿಸುವ ಮಾಸಿನ ಎಳೆಯಂಥ ರಕ್ತನಾಳಗಳಲ್ಲಿ ಅದು ಗಟ್ಟಿಯಾಗಿ, ಮಗುವಿಗೆ ಊಟ ಹೋಗುವ ದಾರಿಯನ್ನೇ ಕಟ್ಟಿಬಿಡುತ್ತಿತ್ತು.

ಗೇಟಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ನಾನು ರೈಲ್ವೆ ಗೇಟಲ್ಲಿ ಕೆಲಸ ಮಾಡ್ತಿದ್ದೆ. ಆ ಅದುರಿಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?"

"ನಿಮ್ಮ ರಕ್ತಕ್ಕೆ ರೈಲು ಹೋಗಿದ್ದು ಗೊತ್ತೂ ಆಗಲ್ಲ," ಎಂದರು ಡಾಕ್ಟರಮ್ಮ.

"ಆ ಹ್ಯಾಂಡಲ್ ತಿರುಗಿಸೋದು?"

"ಎಷ್ಟು ಭಾರ ಇರತ್ತೆ?"

ತೊಲೆಯ ಹಿಂಬದಿಗೆ ಕಬ್ಬಿಣದ ತೂಕ ಕಟ್ಟಿರುತ್ತಾರೆ, ಅದೇ ಮುಕ್ಕಾಲು ಕೆಲಸ ಮಾಡುತ್ತದೆ, ನೋಡುವವರಿಗೆ ಮಾತ್ರ ಅದು ಗರಡಿ ಮನೆಯ ಸಾಮಾನಿನಂತೆ ಕಾಣುತ್ತದೆ ಎಂದು ಗೇಟಕ್ಕ ವಿವರಿಸಿದರು. ಡಾಕ್ಟರಮ್ಮನಿಗೆ ನಗು ಬಂತು. ಇಂಥ ರಕ್ತಕ್ಕೆ ಇಡೀ ದಿನ ಕೂತೇ ಇರುವುದು ಒಳ್ಳೆಯದಲ್ಲ, ಎದ್ದು ಓಡಾಡುವ ಕೆಲಸವೇ ವಾಸಿ, ಮೈಗೆ ಹಿಂಸೆಯಾದರೆ ಮಾತ್ರ ಹೇಳಿ ಎಂದರು.

"ಹೊರಗೆ ಬಂದು ಬೆಂಚಿನ ಮೇಲೆ ಕೂತ್ಕೊಂಡೆ. ಅಳ್ತೀನಿ ಅಂತ ಇವರು ಕರ್ಚೀಫ್ ತೆಗೆದು ಹಿಡ್ಕೊಂಡಿದ್ರು," ಎಂದು ಗೇಟಕ್ಕ ನೆನೆಯುತ್ತಾರೆ. "ನನಗೆ ನಗು ಬಂದುಬಿಡ್ತು. ಕಾಯಿಲೆ ಇದೆ ಅಂತ ಹೇಳಿಸ್ಕೊಂಡು ನಕ್ಕವಳು ನಾನೊಬ್ಬಳೇ ಇರಬೇಕು. ಎರಡು ವರ್ಷದಿಂದ ನಾನೇ ಮಕ್ಕಳನ್ನ ಕಳ್ಕೊಂಡೆ, ಸಂಬಳದ ಆಸೆಗೆ ಕಳ್ಕೊಂಡೆ ಅಂತ ಒಳಗೇ ಅಂದ್ಕೊಂಡಿದ್ದೆ. ಹಾಗಲ್ಲ ಅಂತ ಅವತ್ತು ಗೊತ್ತಾಯ್ತು."

ಆ ವಾರವೇ ಅವರು ಗೇಟಿಗೆ ವಾಪಸು ಹಾಕಿಕೊಡಿ ಎಂದು ಅರ್ಜಿ ಕೊಟ್ಟರು. ಸ್ಟೇಷನ್ ಮಾಸ್ಟರು ಕನ್ನಡಕ ಕೆಳಗಿಳಿಸಿ ಅರ್ಜಿಯನ್ನೂ ಅವರನ್ನೂ ಒಂದಾದ ಮೇಲೊಂದು ನೋಡಿದರಂತೆ. "ಫ್ಯಾನಿನ ಕೆಳಗಿಂದ ಬಿಸಿಲಿಗೆ ಕಳಿಸಿ ಅಂತ ಕೇಳಿದವರು ನನ್ನ ಸರ್ವೀಸಲ್ಲಿ ಇನ್ನೊಬ್ಬರಿಲ್ಲಮ್ಮ."

ನಾಲ್ಕನೆಯ ಬಸಿರಿಗೆ ತಯಾರಿ ಮೊದಲೇ ನಡೆಯಿತು. ದಿನಕ್ಕೊಂದು ಸಣ್ಣ ಮಾತ್ರೆ. ಬಸಿರು ಖಚಿತವಾದ ದಿನದಿಂದ ಹೊಟ್ಟೆಯ ಚರ್ಮಕ್ಕೆ ದಿನಕ್ಕೊಂದು ಸೂಜಿ. ಇಷ್ಟೆಲ್ಲ ಮಾಡಿದರೂ ಎಲ್ಲರಿಗೂ ಫಲ ಸಿಗುವುದಿಲ್ಲ, ಹತ್ತರಲ್ಲಿ ಏಳೆಂಟು ಜನ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತಾರೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಉಳಿದ ಇಬ್ಬರು ಮೂವರ ವಿಷಯ ಗಂಡ ಹೆಂಡತಿ ಬಸ್ಸಿನಲ್ಲಿ ಮನೆಗೆ ಬರುವಾಗ ಮಾತಾಡಲಿಲ್ಲ.

ಸೂಜಿ ಚುಚ್ಚುವವರು ಯಾರು? ಗಂಡ ಧೈರ್ಯವಾಗಿ ಮುಂದೆ ಬಂದರು, ಸೂಜಿಯ ಮುಚ್ಚಳ ತೆಗೆಯುತ್ತಿದ್ದಂತೆ ಬೆವೆತು ಗೋಡೆಗೆ ಒರಗಿದರು. "ಟೈಲ್ಸ್ ಕಟ್ ಮಾಡೋ ಮಿಷನ್ನಿಗೆ ಕೈ ಒಡ್ಡೋ ಮನುಷ್ಯ, ಈ ಕೂದಲೆಳೆಯಷ್ಟು ಸೂಜಿಗೆ ಹೆದರ್ತಾರೆ," ಎಂದು ಗೇಟಕ್ಕ ನಗುತ್ತಾರೆ. ಕೊನೆಗೆ ತಾವೇ ಕಲಿತರು. ಒಂದು ದಿನ ಹೊಕ್ಕುಳಿನ ಎಡಕ್ಕೆ, ಮರುದಿನ ಬಲಕ್ಕೆ. ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಟ್ಟು, ಚುಚ್ಚುವುದು. ಗಂಡನ ಕೆಲಸ ಬೆನ್ನು ತಿರುಗಿಸಿ ನಿಂತು, "ಆಯ್ತಾ?" ಎಂದು ಕೇಳುವುದು.

ಈ ಸಲ ಬಸಿರಿನ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಹೇಳಿದವರಿಗೆಲ್ಲ ಆಮೇಲೆ 'ಇಲ್ಲ' ಎಂದು ಹೇಳುವ ಕೆಲಸ ಮೂರು ಸಲ ಸಾಕಾಗಿತ್ತು. ಅತ್ತೆಗೂ ಹೇಳಲಿಲ್ಲ. ಆದರೆ ಸೂಜಿ ಚುಚ್ಚಿದ ಜಾಗ ಕಪ್ಪು ನೀಲಿಗಟ್ಟುತ್ತದೆ. ಮೂರನೆಯ ತಿಂಗಳ ಕೊನೆಗೆ, ಗೇಟಕ್ಕ ಕೈ ಎತ್ತಿ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಾಗ, ಅತ್ತೆಯ ಕಣ್ಣಿಗೆ ಸೊಸೆಯ ಹೊಟ್ಟೆ ಬಿತ್ತು. ಅಂಗೈಯಗಲದ ಕಲೆಗಳು, ಕೆಲವು ಹಳೆಯವು, ಕೆಲವು ಹೊಸವು.

ಅತ್ತೆ ಸೊಸೆಯನ್ನು ಏನೂ ಕೇಳಲಿಲ್ಲ. ಮಗ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಿಗೆ ಅಡ್ಡ ನಿಂತರು.

"ಎಷ್ಟು ದಿನದಿಂದ ನಡೀತಿದೆಯೋ ಇದು?"

ಮಗನಿಗೆ ಗುಟ್ಟು ರಟ್ಟಾಯಿತು ಅನ್ನಿಸಿತು. "ಮೂರು ತಿಂಗಳಾಯ್ತಮ್ಮ."

"ಮೂರು ತಿಂಗಳು. ನಾಚಿಕೆ ಆಗಲ್ವಾ ನಿನಗೆ?"

"ಅದರಲ್ಲಿ ನಾಚಿಕೆ ಏನಮ್ಮ, ಇಬ್ಬರೂ ಕೂತು ಯೋಚನೆ ಮಾಡಿಯೇ..."

ಮಾತು ಮುಗಿಯಲಿಲ್ಲ, ಬೆನ್ನಿಗೆ ಒಂದು ಬಿತ್ತು. ಮೂವತ್ತು ವರ್ಷ ಸೌಟು ಹಿಡಿದ ಕೈ. ಸದ್ದು ಕೇಳಿ ಓಡಿಬಂದ ಗೇಟಕ್ಕ, ಇವು ಏಟಿನ ಕಲೆಯಲ್ಲ, ಸೂಜಿಯವು ಎಂದು ಬಿಡಿಸಿ ಹೇಳುವಷ್ಟರಲ್ಲಿ ಇನ್ನೆರಡು ಬಿದ್ದಿದ್ದವು. ಎಲ್ಲ ಕೇಳಿದ ಮೇಲೆ ಅತ್ತೆ ಅಡುಗೆಮನೆಗೆ ಹೋದರು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು.

"ನಾಳೆಯಿಂದ ಸೂಜಿ ನಾನು ಹಾಕ್ತೀನಿ. ನಿನ್ನ ಕೈ ನಡುಗತ್ತೆ, ಅದಕ್ಕೇ ಇಷ್ಟೊಂದು ಕಲೆ," ಎಂದರು.

ಕಲೆ ಬೀಳುವುದು ಔಷಧದ ಗುಣದಿಂದಲೇ ಹೊರತು ಕೈ ನಡುಕದಿಂದಲ್ಲ. ಆದರೆ ಗೇಟಕ್ಕ ವಾದ ಮಾಡಲಿಲ್ಲ. ಅತ್ತೆ ನರ್ಸಿನ ಬಳಿ ಹೋಗಿ ಕಲಿತು ಬಂದರು. ಅಂದಿನಿಂದ ಬೆಳಗಿನ ಕಾಫಿಗೆ ಮೊದಲು ಸೂಜಿ, ಆಮೇಲೆ ಕಾಫಿ. ಮಗನ ಬೆನ್ನಿಗೆ ಬಿದ್ದ ಏಟಿನ ಬಗ್ಗೆ ಅತ್ತೆ ಇಂದಿಗೂ ಹೇಳುವುದು, "ಯಾವುದಕ್ಕಾದ್ರೂ ಆಗತ್ತೆ, ಇಟ್ಕೊಳ್ಳಲಿ."

ಏಳನೆಯ ತಿಂಗಳಲ್ಲಿ ಡಾಕ್ಟರಮ್ಮ ಹೆರಿಗೆಯ ಯೋಜನೆಗೆಂದು ಕರೆಸಿದಾಗ ಮೂವರೂ ಹೋದರು. ಕೋಣೆಯಲ್ಲಿ ಎರಡೇ ಕುರ್ಚಿ. ಟೈಲ್ಸಿನವರು ನಿಂತೇ ಇದ್ದು ನೆಲದ ಗೆರೆ ನೋಡುತ್ತಿದ್ದರು. ಮಾತಾಡಿದ್ದೆಲ್ಲ ಅತ್ತೆಯೇ. ಅವರನ್ನು ಕೊರೆಯುತ್ತಿದ್ದದ್ದು ಒಂದೇ ವಿಷಯ.

"ರಕ್ತ ಹೆಪ್ಪುಗಟ್ಟಬಾರದು ಅಂತ ತಾನೆ ಸೂಜಿ? ಹೆರಿಗೆ ದಿನ ರಕ್ತ ನಿಲ್ಲದೆ ಹೋದ್ರೆ ಏನು ಗತಿ ಡಾಕ್ಟ್ರೇ?"

"ಸರಿಯಾಗಿ ಕೇಳಿದ್ರಿ. ಅದಕ್ಕೇ ದಿನ ಗೊತ್ತುಮಾಡ್ಕೊಂಡು ಹೆರಿಗೆ ಮಾಡಿಸೋದು," ಎಂದರು ಡಾಕ್ಟರಮ್ಮ. ಮಾತ್ರೆ ಸ್ವಲ್ಪ ಮೊದಲೇ ನಿಲ್ಲುತ್ತದೆ. ಕೊನೆಯ ಸೂಜಿ ಹೆರಿಗೆಯ ಹಿಂದಿನ ದಿನ ಬೆಳಿಗ್ಗೆ. ನೋವು ತಡೆಯಲು ಬೆನ್ನಿಗೆ ಇಂಜೆಕ್ಷನ್ ಬೇಕೆಂದರೆ, ಕೊನೆಯ ಸೂಜಿ ಹಾಕಿ ಅರ್ಧ ದಿನವಾದರೂ ಕಳೆದಿರಬೇಕು. ಆ ದಿನ ರಕ್ತದ ಬಾಟಲಿಗಳು ತಯಾರಿರುತ್ತವೆ. ಮಗು ಬಂದು, ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಸೂಜಿ ಮತ್ತೆ ಶುರು, ಆರು ವಾರ. ಗೊತ್ತಾದ ದಿನಕ್ಕಿಂತ ಮೊದಲೇ ನೋವು ಬಂದರೆ ಆ ದಿನದ ಸೂಜಿ ಹಾಕಿಕೊಳ್ಳದೆ ಸೀದಾ ಆಸ್ಪತ್ರೆಗೆ. ಕಾಲು ಊದಿಕೊಂಡರೆ, ಎದೆ ಹಿಡಿದರೆ, ಮಗುವಿನ ಆಟ ಕಮ್ಮಿಯಾದರೆ ಆಗಲೂ ಸೀದಾ ಆಸ್ಪತ್ರೆಗೆ.

ಹೇಳುವುದು ಸುಲಭ. ಗೇಟು ಕಾಯುವವರು ಸೀದಾ ಎಲ್ಲಿಗೂ ಹೋಗುವಂತಿಲ್ಲ. ಬದಲಿಯವರು ಬಂದು ಕೀ ಕೈಗೆ ತೆಗೆದುಕೊಳ್ಳುವವರೆಗೆ ಜಾಗ ಬಿಡುವಂತಿಲ್ಲ. ಹೆರಿಗೆಯ ನಂತರ ಮಗುವಿನ ಜೊತೆ ಹೆಚ್ಚು ದಿನ ಇರಬಹುದೆಂದು ಗೇಟಕ್ಕ ಒಂಬತ್ತನೆಯ ತಿಂಗಳು ಹತ್ತುವವರೆಗೆ ಕೆಲಸ ಮಾಡುವುದೆಂದು ನಿಶ್ಚಯಿಸಿದ್ದರು. ಹಾಗಾಗಿ ಯೋಜನೆಯ ಇನ್ನೊಂದು ಭಾಗ ಸ್ಟೇಷನ್ ಮಾಸ್ಟರ ಕೋಣೆಯಲ್ಲಿ ನಡೆಯಿತು.

"ಕೆಲಸದ ಹೊತ್ತಲ್ಲಿ ಏನಾದ್ರೂ ಆದ್ರೆ ಮೊದಲು ಏನು ಮಾಡ್ತೀಯಮ್ಮ?"

"ಮೊದಲು ಗೇಟು ಹಾಕಿ ಬೀಗ ಹಾಕ್ತೀನಿ ಸಾರ್. ಆಮೇಲೆ ನಿಮಗೆ ಫೋನ್."

"ಸಾಕು. ಮಿಕ್ಕಿದ್ದು ನನಗೆ ಬಿಡು." ಪಕ್ಕದ ಬೀದಿಯಲ್ಲೇ ಮನೆಯಿದ್ದ ಹಿರಿಯ ಗೇಟ್‌ಮನ್ನೊಬ್ಬರನ್ನು, ದಪ್ಪ ಮೀಸೆಯಿಂದಾಗಿ ಎಲ್ಲರೂ ಮೀಸೆ ಮಾವ ಎನ್ನುವವರನ್ನು, ಅವರು ಬದಲಿಗೆ ಗೊತ್ತುಮಾಡಿದರು. ಮೀಸೆ ಮಾವ ಅಂದಿನಿಂದ ಮಧ್ಯಾಹ್ನದ ನಿದ್ದೆಯನ್ನೂ ಫೋನನ್ನು ಎದೆಯ ಮೇಲಿಟ್ಟುಕೊಂಡೇ ಮಾಡುತ್ತಿದ್ದರೆಂದು ಅವರ ಹೆಂಡತಿ ದೂರುತ್ತಾರೆ.

ಎಂಟು ತಿಂಗಳು ತುಂಬುತ್ತಿದ್ದಾಗ, ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ, ಗೂಡ್ಸ್ ಗಾಡಿ ಕಳಿಸಿ ಒಳಗೆ ಬಂದ ಗೇಟಕ್ಕನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಉಜ್ಜಿದರು. ಬಿಡಲಿಲ್ಲ. ಎರಡೂ ಕಾಲು ಜೋಡಿಸಿ ನೋಡಿದರು, ಎಡಗಾಲು ದಪ್ಪವಾಗಿತ್ತು. ಹೊರಗೆ ಬಂದು ಸೀಟಿ ಊದಿ, ನಿಧಾನವಾಗಿ ಗೇಟು ಇಳಿಸಿ, ಬೀಗ ಹಾಕಿ, ಫೋನೆತ್ತಿ, "ಸಾರ್, ಕಾಲು ಊದಿದೆ," ಎಂದರು. ಅಷ್ಟೇ.

ಗೇಟಿನ ಆಚೆ ಈಚೆ ಗಾಡಿಗಳು ಸೇರತೊಡಗಿದವು. ಎಷ್ಟು ಹೊತ್ತಾದರೂ ರೈಲಿನ ಸುಳಿವಿಲ್ಲ. ಹಾರನ್ ಶುರುವಾಯಿತು. ತರಕಾರಿ ವ್ಯಾನಿನವನು ಇಳಿದು ಬಂದು ಕಿಟಕಿಯಲ್ಲಿ ಇಣುಕಿದ.

"ಏನಕ್ಕ, ರೈಲೂ ಇಲ್ಲ ಗೀಲೂ ಇಲ್ಲ, ನಮ್ಮನ್ನ ಯಾಕೆ ಬಿಸಿಲಲ್ಲಿ ಒಣಗಿಸ್ತಿದ್ದೀಯಾ?"

ಗೇಟಕ್ಕ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಕೈ ಹೊಟ್ಟೆಯ ಮೇಲಿತ್ತು. "ಬದಲಿಯವರು ಬರ್ತಿದ್ದಾರೆ ಕಣಪ್ಪ. ನಾನು ಆಸ್ಪತ್ರೆಗೆ ಹೋಗಬೇಕು."

ವ್ಯಾನಿನವನು ಸಾಲಿನುದ್ದಕ್ಕೂ ಹೋಗಿ ವಿಷಯ ಮುಟ್ಟಿಸಿದ. ಹಾರನ್‌ಗಳು ಒಂದೊಂದಾಗಿ ನಿಂತವು. ಮೀಸೆ ಮಾವ ಬನಿಯನ್ನಿನ ಮೇಲೆ ಇಲಾಖೆಯ ಕೋಟು ಏರಿಸಿಕೊಂಡು ಬೈಕಿನಲ್ಲಿ ಬಂದು ಕೀ ಈಸಿಕೊಳ್ಳುವ ಹೊತ್ತಿಗೆ, ಈರುಳ್ಳಿ ಮೂಟೆಗಳನ್ನು ರಸ್ತೆ ಬದಿಗೆ ಇಳಿಸಿ ವ್ಯಾನಿನ ಮುಂದಿನ ಸೀಟು ಒರೆಸಿಟ್ಟಾಗಿತ್ತು. ಗೇಟು ಏಳುತ್ತಿದ್ದಂತೆ ಸಾಲಿನಲ್ಲಿದ್ದ ಕಾರು, ಬೈಕು, ಲಾರಿಗಳೆಲ್ಲ ಪಕ್ಕಕ್ಕೆ ಸರಿದು ವ್ಯಾನಿಗೆ ದಾರಿ ಬಿಟ್ಟವು.

"ಒಂಬತ್ತು ವರ್ಷದಲ್ಲಿ ಆ ಗೇಟನ್ನ ನಾನು ಗಾಡಿಯಲ್ಲಿ ಕೂತು ದಾಟಿದ್ದು ಅದೇ ಮೊದಲು," ಎನ್ನುತ್ತಾರೆ ಗೇಟಕ್ಕ. "ದಾರಿಯುದ್ದಕ್ಕೂ ಆ ಹುಡುಗ 'ಅಕ್ಕ ಏನೂ ಆಗಲ್ಲ, ಅಕ್ಕ ಏನೂ ಆಗಲ್ಲ' ಅಂತಿದ್ದ. ಅವನಿಗೆ ಹೇಳ್ತಿದ್ನೋ ನನಗೆ ಹೇಳ್ತಿದ್ನೋ ಗೊತ್ತಿಲ್ಲ."

ಆಸ್ಪತ್ರೆಯಲ್ಲಿ ಕಾಲಿಗೆ ಸ್ಕ್ಯಾನ್ ಮಾಡಿದರು. ಹೆಪ್ಪು ಇರಲಿಲ್ಲ. ಬಸಿರಿನ ಊತ, ಸ್ನಾಯು ಸೆಳೆತ. ಗೇಟಕ್ಕನಿಗೆ ಹೋದ ಜೀವ ಬಂದಂತಾಗಿ, ಅಷ್ಟು ಜನರನ್ನು ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಬಂದದ್ದು ಹೇಗೂ ಬಂದಿದ್ದೀರಿ ಎಂದು ಮಗುವನ್ನೂ ನೋಡಿದ ಡಾಕ್ಟರಮ್ಮ ಪರದೆಯ ಮೇಲೆ ಎರಡೆರಡು ಸಲ ಅಳತೆ ಹಾಕಿದರು. ಕಳೆದ ಸಲ ನೋಡಿದ ಮೇಲೆ ಮಗು ಬೆಳೆಯಬೇಕಾದಷ್ಟು ಬೆಳೆದಿರಲಿಲ್ಲ. ಎದೆಬಡಿತ ಚೆನ್ನಾಗಿದೆ, ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುತ್ತಿದೆ, ಗಾಬರಿ ಬೇಡ. ಆದರೆ ಪೂರ್ತಿ ದಿನ ತುಂಬುವವರೆಗೆ ಕಾಯುವುದು ಬೇಡ ಎಂದರು. ಎರಡು ದಿನಕ್ಕೊಮ್ಮೆ ಪರೀಕ್ಷೆ. ಎರಡು ವಾರ ಬಿಟ್ಟು, ಮಂಗಳವಾರ ಹೆರಿಗೆ.

ಗೇಟಕ್ಕ ಅವತ್ತಿನಿಂದಲೇ ರಜೆ ಹಾಕಿದರು. ಆ ಎರಡು ವಾರ ಹೇಗೆ ಕಳೆಯಿತೆಂದು ಕೇಳಿದರೆ ಅವರು ಹಳಿಯ ಕಡೆ ನೋಡುತ್ತಾರೆ. "ಗೇಟಲ್ಲಿದ್ದಿದ್ರೆ ಕೈಗೆ ಕೆಲಸ ಇರ್ತಿತ್ತು. ಮನೆಯಲ್ಲಿ ಕೂತು ಒದೀತಾ, ಒದೀತಾ ಅಂತ ಕಾಯೋದೇ ಕೆಲಸ. ಅತ್ತೆ ಬಂದು ಬಂದು ಕೇಳೋರು. 'ಒದೀತು' ಅಂದ್ರೆ ಒಳಗೆ ಹೋಗೋರು. ಒಂದು ಮಧ್ಯಾಹ್ನ ಬಹಳ ಹೊತ್ತು ಒದೀಲಿಲ್ಲ. ಅತ್ತೆ ನನ್ನ ಪಕ್ಕ ಮಲಗಿ ಹೊಟ್ಟೆ ಮೇಲೆ ಕೈಯಿಟ್ಟು ಶಾಲೆಯ ಕಥೆ ಹೇಳೋಕೆ ಶುರು ಮಾಡಿದ್ರು. ಯಾವುದೋ ಮೇಷ್ಟ್ರು ಉಪ್ಪು ಅಂದ್ಕೊಂಡು ಸೋಡಾ ಪುಡಿ ಹಾಕ್ಕೊಂಡಿದ್ದು. ನಾನು ನಕ್ಕಿದ್ದಕ್ಕೆ ಅದು ಎಚ್ಚರ ಆಯ್ತು ಅನ್ಸತ್ತೆ, ಒಳಗಿಂದ ಒಂದು ಬಿಟ್ಟಿತು ನೋಡಿ, ಅತ್ತೆ ಕೈ ಹಿಂದಕ್ಕೆ ತಗೊಂಡ್ರು."

ಸೋಮವಾರ ಬೆಳಿಗ್ಗೆ ಕೊನೆಯ ಸೂಜಿ. ಅತ್ತೆ ಹಾಕಿದರು. ಮಧ್ಯಾಹ್ನ ಚೀಲ ಹಿಡಿದು ಆಸ್ಪತ್ರೆ ಸೇರಿದರು. ಮರುದಿನ ಬೆಳಿಗ್ಗೆ ಔಷಧ ಕೊಟ್ಟು ನೋವು ಬರಿಸುವುದೆಂದು ಗೊತ್ತಾಗಿತ್ತು. ಆದರೆ ಸೋಮವಾರ ಸಂಜೆ ಕಾಫಿ ಕುಡಿಯುವ ಹೊತ್ತಿಗೇ ನೋವು ತಾನಾಗಿಯೇ ಶುರುವಾಯಿತು. ನರ್ಸುಗಳು ಗಡಿಯಾರ ನೋಡಿದರು. ಸೂಜಿ ಹಾಕಿ ಸುಮಾರು ಅರ್ಧ ದಿನವಾಗಿತ್ತು. ಲೆಕ್ಕ ತಪ್ಪಿರಲಿಲ್ಲ. ನೋವು ಬಲಿಯುವ ಹೊತ್ತಿಗೆ ಬೆನ್ನಿಗೆ ಇಂಜೆಕ್ಷನ್ ಕೊಡಲು ಯಾವ ಅಡ್ಡಿಯೂ ಇರಲಿಲ್ಲ.

ಮಂಗಳವಾರ, ಕಿಟಕಿಯಲ್ಲಿ ಬೆಳಗಿನ ಬಿಸಿಲು ಚೆನ್ನಾಗಿ ಏರಿದ ಮೇಲೆ, ಹುಡುಗಿ ಬಂದಳು. ಎರಡು ಕಿಲೋ ಮೇಲೆ ಒಂದಿಷ್ಟು. ಬಂದವಳೇ ಅಳಲಿಲ್ಲ; ನರ್ಸ್ ಬೆನ್ನುಜ್ಜಿದ ಮೇಲೆ ಒಂದು ಸಲ ಕೆಮ್ಮಿ, ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ ರಾಗ ತೆಗೆದಳು.

"ರೈಲ್ವೆಯಲ್ಲಿ ಇಷ್ಟು ವರ್ಷ ಇದ್ದೀನಿ, ಟೈಮಿಗಿಂತ ಮೊದಲೇ ಹೊರಟು ಬಂದಿದ್ದು ಇವಳೊಬ್ಬಳೇ," ಎನ್ನುತ್ತಾರೆ ಗೇಟಕ್ಕ.

ಆ ಮೇಲಿನ ಸ್ವಲ್ಪ ಹೊತ್ತಿನ ಬಗ್ಗೆ ಅವರಿಗೆ ಹೆಚ್ಚು ನೆನಪಿಲ್ಲ, ಅತ್ತೆಗೆ ನೆನಪಿದೆ. ರಕ್ತ ಎಣಿಸಿದ್ದಕ್ಕಿಂತ ಕೊಂಚ ಹೆಚ್ಚು ಹೋಯಿತು. ಬಾಗಿಲು ಮುಚ್ಚಿತು. ನರ್ಸೊಬ್ಬರು ಬಾಟಲಿ ಹಿಡಿದು ಬೇಗಬೇಗ ಒಳಗೆ ಹೋದರು. ಅತ್ತೆ ಬೆಂಚಿನ ತುದಿಯಲ್ಲಿ ಕೂತು ಬಾಗಿಲಿನ ಹಿಡಿಯನ್ನೇ ನೋಡುತ್ತಿದ್ದರು; ಪಕ್ಕದಲ್ಲಿ ಮಗ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಒಡೆದುಹೋಗುವ ಸಾಮಾನಿನಂತೆ ಎರಡೂ ಕೈಯಲ್ಲಿ ಹಿಡಿದು ಕದಲದೆ ಕೂತಿದ್ದ. ಡಾಕ್ಟರಮ್ಮ ಹೊರಗೆ ಬಂದು ಮಾಸ್ಕ್ ಕೆಳಗೆ ಎಳೆದು, "ನಿಂತಿದೆ, ಆರಾಮಾಗಿದ್ದಾರೆ, ಕಾಫಿ ಕೇಳ್ತಿದ್ದಾರೆ," ಎಂದರು. ಅತ್ತೆ ಎದ್ದು ಡಾಕ್ಟರಮ್ಮನ ಕೈ ಹಿಡಿದುಕೊಂಡರು. ಏನೋ ಹೇಳಬೇಕೆಂದಿದ್ದರು. "ಸಕ್ಕರೆ ಎಷ್ಟು ಹಾಕಲಿ?" ಎಂದುಬಿಟ್ಟರು.

ರಕ್ತಸ್ರಾವ ಪೂರ್ತಿ ಹತೋಟಿಗೆ ಬಂದ ಮೇಲೆ ಸೂಜಿ ಮತ್ತೆ ಶುರುವಾಯಿತು. ಹಾಲೂಡಿಸಲು ಅದರಿಂದ ತೊಂದರೆಯಿರಲಿಲ್ಲ. ಆರು ವಾರ ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಕಟ್ಟಕಡೆಯ ಸೂಜಿಯ ದಿನ ಟೈಲ್ಸಿನವರು ಮುಂದೆ ಬಂದು, ಇದನ್ನು ನಾನು ಹಾಕುತ್ತೇನೆ ಎಂದರು. ಅತ್ತೆ ಕೊಟ್ಟರು. ಅವರು ಮಂಡಿಯೂರಿ ಕೂತರು, ಗೆರೆ ನೋಡುವವರಂತೆ ಒಂದು ಕಣ್ಣು ಮುಚ್ಚಿದರು, ಚುಚ್ಚಿದರು. ಆಮೇಲೆ ನೆಲದ ಮೇಲೆಯೇ ಸ್ವಲ್ಪ ಹೊತ್ತು ಮಲಗಿದರು.

ಈಗ ಗೇಟಕ್ಕ ಕೆಲಸಕ್ಕೆ ಮರಳಿ ನಾಲ್ಕು ತಿಂಗಳು. ಕೂಸು ಅಜ್ಜಿಯ ಸುಪರ್ದಿಯಲ್ಲಿದೆ. ಮುಂದೊಮ್ಮೆ ಬಸಿರು ನಿಂತರೆ ಮತ್ತೆ ಇದೇ ಸೂಜಿ, ಇದೇ ಯೋಜನೆ. ಆ ಮಾತಿಗೆ ಅವರು ತಲೆಯಾಡಿಸುತ್ತಾರೆ. ಬೇಕು ಎಂದೂ ಅಲ್ಲ, ಬೇಡ ಎಂದೂ ಅಲ್ಲ. ಗೇಟು ಬಿದ್ದಾಗ ಈಗ ಗಾಡಿಗಳ ಕಿಟಕಿಯ ಗಾಜು ಇಳಿಯುತ್ತವೆ. ತರಕಾರಿ ವ್ಯಾನಿನವನು ಮಗುವಿಗೆಂದು ದಿನಕ್ಕೊಂದು ಕ್ಯಾರೆಟ್ ಎಸೆದು ಹೋಗುತ್ತಾನೆ, ಹಲ್ಲು ಇನ್ನೂ ಎರಡೇ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಹೋದ ತಿಂಗಳು ಸ್ಕೂಟರಿನ ಯುವತಿಯೊಬ್ಬಳು, ಗೇಟು ಎದ್ದು ಎಲ್ಲರೂ ಹೋದ ಮೇಲೂ ಅಲ್ಲೇ ನಿಂತಿದ್ದಳು. ಅವಳಿಗೂ ಎರಡು ಬಸಿರು ಹೋಗಿದ್ದವಂತೆ. ದಿನಾ ಸ್ಕೂಟರ್ ಓಡಿಸುವುದರಿಂದ ಎಂದು ಮನೆಯವರು ಹೇಳುತ್ತಿದ್ದರಂತೆ.

"ನಾನು ಡಾಕ್ಟರಲ್ಲಮ್ಮ, ನಿಂದೂ ನನ್ನ ಥರದ್ದೇ ಅಂತ ಹೇಳೋಕಾಗಲ್ಲ ಅಂದೆ," ಎನ್ನುತ್ತಾರೆ ಗೇಟಕ್ಕ. "ರಕ್ತ ಪರೀಕ್ಷೆ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳು ಅಂದೆ. ಸ್ಕೂಟರಿಗೆ ಆಮೇಲೆ ಬೈಯೋಣ."

ಇಲಾಖೆಯಿಂದ ನಿಮಗೇನಾದರೂ ಆಗಬೇಕೇ ಎಂದು ಕೇಳಿದಾಗ ಅವರು ಯೋಚಿಸುವುದಿಲ್ಲ. ಉತ್ತರ ತಯಾರಿದೆ. ಒಂದು ಶೌಚಾಲಯ. ಈಗಿರುವುದು ರಸ್ತೆಯಾಚೆಯ ಪೆಟ್ರೋಲ್ ಬಂಕಿನಲ್ಲಿ. ಎರಡು ಗಾಡಿಗಳ ನಡುವೆ ಓಡಿ ಹೋಗಿ ಓಡಿ ಬರಬೇಕು. ಹೊಟ್ಟೆ ಹೊತ್ತುಕೊಂಡು ತಿಂಗಳುಗಟ್ಟಲೆ ಹಾಗೆ ಓಡಾಡಿದ್ದಾರೆ. ಕೋಣೆಯ ಹಿಂದೆ ಜಾಗವಿದೆ, ನೀರಿನ ಪೈಪು ಪಕ್ಕದಲ್ಲೇ ಹೋಗುತ್ತದೆ, ಟೈಲ್ಸ್ ಹಾಕುವವರು ಮನೆಯಲ್ಲೇ ಇದ್ದಾರೆ. ಇನ್ನೇನು ಬೇಕು? ಅರ್ಜಿ ಕೊಟ್ಟಿದ್ದಾರೆ. ನಿಮಗೆ ಇನ್ನೇನು ವರ್ಗವಾಗುವ ಸಮಯ, ಈಗ ಶೌಚಾಲಯ ಯಾಕಮ್ಮ ಎಂದು ಕಚೇರಿಯಲ್ಲಿ ಯಾರೋ ಕೇಳಿದರಂತೆ.

ಫೋನು ಬಡಿದುಕೊಳ್ಳುತ್ತದೆ. ಗೇಟಕ್ಕ ಎದ್ದು, ಕೈ ಚಾಚುತ್ತಾ ಹೇಳುತ್ತಾರೆ:

"ನಾಳೆ ಈ ಕುರ್ಚಿಗೆ ಇನ್ನೊಬ್ಬಳು ಬರ್ತಾಳಲ್ಲ. ಅವಳೂ ಬಸುರಿ ಆಗ್ತಾಳೆ."